ಕರೆಂಟ್ ಹೋದಾಗ ಬೀಳುವ ಡ್ರೈವರ್: ಪ್ರಿಂಟ್‌ಕೆ, ಜಿಡಿಬಿ, ಕೆಡಂಪ್, ಕಸಾನ್

ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಕಕ್ಕಡದ ಮಳೆ ಹಿಡಿದರೆ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದಕ್ಕೇನೂ ಆಗುವುದಿಲ್ಲ. ಆದರೆ ಯುಎಸ್‌ಬಿ ಹಬ್ ಗೋಡೆಯ ಪ್ಲಗ್ಗಿನಲ್ಲಿ. ಆ ಹಬ್ಬಿಗೆ ತೋಟದ ಮಣ್ಣಿನ ತೇವ ಅಳೆಯುವ ಬೋರ್ಡ್, ಬೋರ್ಡಿಗೆ ನಾನೇ ಬರೆದ ಲಿನಕ್ಸ್ ಡ್ರೈವರ್, ಅಂದರೆ ಬೋರ್ಡಿನ ಜೊತೆ ಮಾತಾಡುವ ಪ್ರೋಗ್ರಾಂ. ಕರೆಂಟ್ ನಾಲ್ಕೈದು ಸಲ ಹೋದರೆ ಒಂದು ಸಲ ಕರ್ನಲ್ ಊಪ್ಸ್ (ಲಿನಕ್ಸಿನ ತಿರುಳಾದ ಕರ್ನಲ್ ತನ್ನೊಳಗೆ ತಪ್ಪಾದಾಗ ಕೊಡುವ ವರದಿ). ಕಾರಣ ನಲ್ ಪಾಯಿಂಟರ್, ಅಂದರೆ ಎಲ್ಲಿಗೂ ತೋರಿಸದ ಖಾಲಿ ವಿಳಾಸ. "ಹೋಯ್ತಾ ಮತ್ತೆ?" ಅಂತ ಅಡುಗೆಮನೆಯಿಂದ ಅಮ್ಮ ಕೇಳುತ್ತಿದ್ದದ್ದು ಕರೆಂಟ್ ಬಗ್ಗೆ. ನಾನು "ಹೂಂ" ಅನ್ನುತ್ತಿದ್ದದ್ದು ಡ್ರೈವರ್ ಬಗ್ಗೆ.

ಮೊದಲು ಎಲ್ಲರಂತೆ ಕೋಡಿನ ತುಂಬಾ, ಕರ್ನಲ್ ಲಾಗಿಗೆ ಸಂದೇಶ ಬರೆಯುವ ಪ್ರಿಂಟ್‌ಕೆ ಸುರಿದೆ. ಕ್ರ್ಯಾಶ್ ಮಾಯ! ಇದು ಟೈಮಿಂಗ್ ತಪ್ಪು ಅಂತ ಗೊತ್ತಾಗಿದ್ದಷ್ಟೇ ಲಾಭ. ಪ್ರಿಂಟ್‌ಕೆ ತಾನೇ ಒಂದಿಷ್ಟು ಹೊತ್ತು ತಿನ್ನುತ್ತದೆ, ಅಷ್ಟರಲ್ಲಿ ಎಡವಟ್ಟಿನ ಗಳಿಗೆ ದಾಟಿರುತ್ತದೆ. ಕ್ಯೂಇಎಂಯು ಅನ್ನುವ ನಕಲಿ ಕಂಪ್ಯೂಟರಿನ ಒಳಗೆ ಓಡಿಸಿ, ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ (ಬ್ರೇಕ್‌ಪಾಯಿಂಟ್) ನಿಲ್ಲಿಸಿ ನೋಡುವ ಜಿಡಿಬಿ ಹಚ್ಚಿದಾಗಲೂ ಇದೇ ಕಥೆ. ಬ್ರೇಕ್‌ಪಾಯಿಂಟಿನಲ್ಲಿ ಎಲ್ಲಾ ಸಿಪಿಯುಗಳೂ ನಿಂತುಬಿಟ್ಟರೆ ರೇಸ್ (ಎರಡು ಕೆಲಸ ಒಂದೇ ಗಳಿಗೆಗೆ ಒಂದೇ ಜಾಗಕ್ಕೆ ಕೈಹಾಕುವುದು) ಎಲ್ಲಿಂದ ಬರಬೇಕು ಅಲ್ವಾ? ಎರಡು ಸಂಜೆ ಸುಮ್ನೆ ಹಾಳು.

ಆಮೇಲೆ ಊಪ್ಸ್ ಸಂದೇಶವನ್ನೇ ನಿಧಾನವಾಗಿ ಓದಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದು. ಕ್ರ್ಯಾಶ್ ಆದ ವಿಳಾಸ ಹೆಕ್ಸಿನಲ್ಲಿ 18, ಅಂದರೆ 24. ಸೊನ್ನೆಯಲ್ಲ! ಹಾಗಾದರೆ ಸ್ಟ್ರಕ್ಟಿನ (ಹಲವು ಮೆಂಬರುಗಳನ್ನು ಸಾಲಾಗಿ ಇಟ್ಟ ಡೇಟಾದ ಕಟ್ಟು) ಪಾಯಿಂಟರ್ ನಲ್, ಅದರೊಳಗೆ 24ನೇ ಬೈಟಿನಲ್ಲಿರುವ ಮೆಂಬರನ್ನು ಓದಲು ಹೋಗಿ ಬಿದ್ದಿದೆ. ತಲಾ 8 ಬೈಟಿನ ಮೂರು ಪಾಯಿಂಟರ್ ದಾಟಿದರೆ ನಾಲ್ಕನೆಯದು ನನ್ನ ಬಫರ್. ಕರ್ನಲ್ ಸೋರ್ಸಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಎಫ್-ಆಡ್ರ್-ಟು-ಲೈನ್‌ಗೆ ಊಪ್ಸಿನಲ್ಲಿದ್ದ ಫಂಕ್ಷನ್ ಹೆಸರು, ಆಫ್‌ಸೆಟ್ (ಫಂಕ್ಷನ್ ಶುರುವಿನಿಂದ ಎಷ್ಟು ಬೈಟ್ ದೂರ) ಕೊಟ್ಟೆ. ಸಾಲಿನ ನಂಬರನ್ನೇ ಹೇಳಿತು. ಡ್ರೈವರನ್ನು ಡೀಬಗ್ ಮಾಹಿತಿ ಸಮೇತ ಕಂಪೈಲ್ ಮಾಡಿರಬೇಕು, ಅಷ್ಟೇ.

ಎಲ್ಲಿ ಅಂತ ಸಿಕ್ಕಿತು. ನಲ್ ಮಾಡಿದ್ದು ಯಾರು? ಅದಕ್ಕೆ ಕೆಡಂಪ್, ಅಂದರೆ ಕರ್ನಲ್ ಬಿದ್ದಾಗ ಮೆಮೊರಿಯ ನಕಲನ್ನು (ಡಂಪ್) ಉಳಿಸುವ ವ್ಯವಸ್ಥೆ. ಬೂಟ್ ಸಾಲಿನಲ್ಲಿ ಅದಕ್ಕೆ 256 ಎಂಬಿ ಮೆಮೊರಿ ಮೀಸಲಿಟ್ಟೆ. ಒಂದು ದಿನ ಪೂರ್ತಿ ಡಂಪೇ ಬರಲಿಲ್ಲ. ನನ್ನ ಕ್ರ್ಯಾಶ್ ಆಗುತ್ತಿದ್ದದ್ದು ವರ್ಕ್‌ಕ್ಯೂ (ಆಮೇಲೆ ಮಾಡಲು ಬಿಟ್ಟ ಕೆಲಸಗಳ ಸಾಲು) ಒಳಗೆ. ಅಲ್ಲಿ ಊಪ್ಸ್ ಆದರೆ ಆ ಥ್ರೆಡ್ ಮಾತ್ರ ಸಾಯುತ್ತದೆ, ಸಿಸ್ಟಮ್ ಕುಂಟುತ್ತಾ ಓಡುತ್ತದೆ. ಕೆಡಂಪ್ ಏಳುವುದು ಪ್ಯಾನಿಕ್ ಆಗಿ ಕರ್ನಲ್ ಪೂರ್ತಿ ಕೈಚೆಲ್ಲಿದರೆ. ಊಪ್ಸ್ ಆದ ಕೂಡಲೇ ಪ್ಯಾನಿಕ್ ಆಗುವ ಸೆಟ್ಟಿಂಗನ್ನು 1 ಮಾಡಿದ ಮೇಲೆ ಡಂಪ್ ಬಂತು. ಡಂಪ್ ಓದುವ 'ಕ್ರ್ಯಾಶ್' ಅನ್ನುವ ಟೂಲಿನಲ್ಲಿ ಎಲ್ಲಾ ಸಿಪಿಯುಗಳ ಬ್ಯಾಕ್‌ಟ್ರೇಸ್ (ಆಗ ಯಾವ ಫಂಕ್ಷನ್ ಓಡುತ್ತಿತ್ತು, ಅದನ್ನು ಯಾರು ಕರೆದರು ಅನ್ನುವ ಪಟ್ಟಿ) ತೆಗೆದೆ. ಒಂದರಲ್ಲಿ ನನ್ನ ವರ್ಕ್ ಫಂಕ್ಷನ್, ಪಕ್ಕದ್ದರಲ್ಲಿ ಅದೇ ಗಳಿಗೆಗೆ ನನ್ನದೇ ಡಿಸ್‌ಕನೆಕ್ಟ್, ಬೋರ್ಡ್ ಕಳಚಿದಾಗ ಓಡಿ ಆ ಪಾಯಿಂಟರನ್ನು ನಲ್ ಮಾಡುವ ಫಂಕ್ಷನ್! ಇಬ್ಬರೂ ಕೈಯಲ್ಲಿ ಕತ್ತಿ ಹಿಡಿದು ಸಿಕ್ಕಿಬಿದ್ದ ಹಾಗೆ.

ಕಸಾನ್ (ಮೆಮೊರಿಯನ್ನು ತಪ್ಪಾಗಿ ಮುಟ್ಟಿದರೆ ಹಿಡಿದುಕೊಡುವ ಕರ್ನಲ್ ಸೌಲಭ್ಯ) ಹಾಕಿದ್ದು ಕುತೂಹಲಕ್ಕೆ. ಎಂಟರಲ್ಲೊಂದು ಪಾಲು ಮೆಮೊರಿ ಅದಕ್ಕೇ ಬೇಕು, ಲ್ಯಾಪ್‌ಟಾಪ್ ಎತ್ತಿನಗಾಡಿ ಆಗುತ್ತದೆ. ಕರ್ನಲ್ ಪೂರ್ತಿ ಹೊಸದಾಗಿ ಬಿಲ್ಡ್ ಮಾಡಬೇಕು, ಕರೆಂಟ್ ಇಲ್ಲದ ದಿನ ಅದರಷ್ಟು ಕಿರಿಕಿರಿ ಇನ್ನೊಂದಿಲ್ಲ. ಆದರೂ ಅದು ನಾನು ಕೇಳದೇ ಇದ್ದ ಇನ್ನೊಂದು ತಪ್ಪನ್ನು ತೋರಿಸಿತು: ಡಿಸ್‌ಕನೆಕ್ಟ್ ಫ್ರೀ ಮಾಡಿದ (ವಾಪಸ್ ಬಿಟ್ಟುಕೊಟ್ಟ) ಮೆಮೊರಿಯನ್ನೂ ನನ್ನ ವರ್ಕ್ ಮುಟ್ಟುತ್ತಿತ್ತು. ಅದರಿಂದ ಒಮ್ಮೆಯೂ ಕ್ರ್ಯಾಶ್ ಆಗಿರಲಿಲ್ಲ. ಯಾರು ಫ್ರೀ ಮಾಡಿದ್ದು ಅಂತಲೂ ಕಸಾನ್ ವರದಿಯಲ್ಲೇ ಇತ್ತು.

ಮುಂದಿನ ಸಲ ನಾನು ಊಪ್ಸ್‌ನಿಂದಲೇ ಶುರು ಮಾಡುತ್ತೇನೆ. ಕೆಡಂಪ್ ಮಳೆಗಾಲ ಪೂರ್ತಿ ಆನ್ ಇರುತ್ತದೆ. ಕಸಾನ್, ಕೆಇಬಿಯವರ ಕೃಪೆ ಇದ್ದ ದಿನ.

ತಿದ್ದಿದ್ದು ಒಂದೇ ಸಾಲು. ಡಿಸ್‌ಕನೆಕ್ಟಿನಲ್ಲಿ ಬಾಕಿ ವರ್ಕನ್ನು ರದ್ದು ಮಾಡುವ ಕಾಲ್‌ನ ಹೆಸರಿಗೆ 'ಸಿಂಕ್' ಅಂತ ಬಾಲ ಸೇರಿಸಿದೆ. ಆ ಬಾಲ ಇದ್ದರೆ ಓಡುತ್ತಿರುವ ವರ್ಕ್ ಮುಗಿಯುವವರೆಗೆ ಕಾಯುತ್ತದೆ. ನಲ್ ಮಾಡುವುದು, ಫ್ರೀ ಮಾಡುವುದು ಎಲ್ಲಾ ಅದರ ನಂತರವೇ. ಆಮೇಲೆ ಹಬ್ಬಿನ ಸ್ವಿಚ್ಚನ್ನು ಕೂತು 200 ಸಲ ಆಫ್-ಆನ್ ಮಾಡಿದೆ. ಬೀಳಲಿಲ್ಲ. ಸ್ವಿಚ್ ಮಾತ್ರ ಸಡಿಲ ಆಗಿದೆ, ಅಮ್ಮನಿಗೆ ಇನ್ನೂ ಹೇಳಿಲ್ಲ.