ಕೆಮ್ಮು, ಗಂಟಲು ನೋವು: ಜೇನುತುಪ್ಪವೋ ಉಪ್ಪುನೀರೋ?

ರಾತ್ರಿ ಬಿಡದೆ ಕಾಡುವ ಕೆಮ್ಮಿಗೆ ಜೇನುತುಪ್ಪವೇ ಮೇಲು. ಮಲಗುವ ಅರ್ಧ ಗಂಟೆ ಮೊದಲು ಮಕ್ಕಳಿಗೆ ಅರ್ಧದಿಂದ 1 ಟೀ ಚಮಚ, ದೊಡ್ಡವರಿಗೆ 2 ಸಾಕು. ಹಾಗೆಯೇ ನಿಧಾನವಾಗಿ ಚಪ್ಪರಿಸಿ. ಲೋಟದ ತುಂಬ ನೀರಿಗೆ ಕಲಸಿದರೆ ಗಂಟಲಿಗೆ ಅಂಟುವ ಪದರವೇ ತೆಳುವಾಗುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಲೂ ಬಾರದು: ಜೇನಿನಲ್ಲಿರಬಹುದಾದ, ಬಾಟುಲಿಸಂ ಎಂಬ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಕುದಿಸಿದರೂ ಅವು ಸಾಯುವುದಿಲ್ಲ.

ನುಂಗುವಾಗ ನೋವಿದ್ದರೆ ಉಪ್ಪುನೀರು. 240 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಮುಕ್ಕಳಿಸಿ ಉಗುಳಿ. ಉಪ್ಪು ಹೆಚ್ಚಾದರೆ ಗಂಟಲು ಒಣಗಿ ಉರಿಯುತ್ತದೆ. ಚಿಕ್ಕ ಮಕ್ಕಳು ನುಂಗಿಬಿಡುತ್ತಾರೆ, ಅವರಿಗೆ ಬೇಡ.

ಉಸಿರಾಟ ಕಷ್ಟವಾದರೆ ಎರಡನ್ನೂ ಬಿಟ್ಟು ತಕ್ಷಣ ವೈದ್ಯರಲ್ಲಿಗೆ ಹೋಗಿ.