ಮನೆಯಲ್ಲೇ ಫೋನಿಕ್ಸ್: ಮೂರು ಕಡೆ ದುಡ್ಡು ಹಾಕಿ, ಎರಡು ವರ್ಷ ಕಲಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಟೀಚರ್ ಅಲ್ಲ. ಅರಕಲಗೂಡು ಹತ್ತಿರದ ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿದವಳು. ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ ಕಂಡವಳು. ಈಗ ಹಾಸನದ ವಿದ್ಯಾನಗರದಲ್ಲಿ ಮನೆ, ಮಗಳು ಇಂಗ್ಲಿಷ್ ಮೀಡಿಯಂ. ಎಲ್‌ಕೆಜಿ ಮುಗಿಯುವ ಹೊತ್ತಿಗೆ ಅವಳಿಗೆ ‘ಎ ಫಾರ್ ಆ್ಯಪಲ್’ನಿಂದ ಝೀಬ್ರಾವರೆಗೆ ಎಲ್ಲ ಬಾಯಿಪಾಠ. ಆದರೆ ಮೂರಕ್ಷರದ ಒಂದು ಪದ ತೋರಿಸಿದರೆ ಪುಸ್ತಕ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ನಾನು ತುಟಿ ಆಡಿಸಿದರೆ ಸಾಕು, ಅದನ್ನು ನೋಡಿ ಹೇಳಿಬಿಡುವಷ್ಟು ಜಾಣೆ. ಓದು ಮಾತ್ರ ಸೊನ್ನೆ.

ಅಕ್ಷರದ ಹೆಸರಿನ ಬದಲು ಅದರ ಸದ್ದು ಕಲಿಸಿ, ಸದ್ದು ಕೂಡಿಸಿ ಓದಿಸುವ ಪದ್ಧತಿಗೆ ಫೋನಿಕ್ಸ್ ಅನ್ನುತ್ತಾರೆ. ಅದನ್ನು ಕಲಿಸಲು ಹೋಗಿ ಶುರುವಾಯಿತು ನನ್ನ ಖರ್ಚು. ಒಂದು ಆ್ಯಪ್, ಒಂದು ಆನ್‌ಲೈನ್ ಕ್ಲಾಸು, ಕೊನೆಗೆ ಒಂದು ಪುಸ್ತಕದ ಸೆಟ್. ಇದೇ ಕ್ರಮದಲ್ಲಿ ದುಡ್ಡು ಹೋಯಿತು. ತಲೆಗೆ ಏನಾದರೂ ಹತ್ತಿದ್ದು ಮಾತ್ರ ಕೊನೆಯದರಿಂದ.

ಆ್ಯಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಲೂನು ಒಡೆಯುತ್ತೆ, ನಾಣ್ಯ ಉದುರುತ್ತೆ, ಮೊಲ ಕುಣಿಯುತ್ತೆ. ಮಗಳು ಮೂರು ತಿಂಗಳು ಖುಷಿಯಾಗಿ ಆಡಿದಳು, ಹಂತದ ಮೇಲೆ ಹಂತ ದಾಟಿದಳು. ಒಂದು ದಿನ ಅದೇ ಅಕ್ಷರಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದು ಕೇಳಿದೆ. ಅರ್ಧಕ್ಕರ್ಧ ಗೊತ್ತಿಲ್ಲ. ತಪ್ಪಾದರೆ ಟುಸ್ ಅನ್ನುತ್ತೆ, ಸರಿಯಾದರೆ ಟಿಣ್ ಅನ್ನುತ್ತೆ, ಟಿಣ್ ಬರುವವರೆಗೆ ಒತ್ತುತ್ತಾ ಹೋದರೆ ಆಯಿತು. ಇಷ್ಟೇ ಅವಳು ಕಲಿತಿದ್ದು. ಮೇಲಿಂದ ಒಂದು ವರ್ಷ ಆದಮೇಲೆ ತಾನಾಗೇ 2,999 ರೂಪಾಯಿ ಕಟ್ ಆಯಿತು. ಹಿಂದಿನ ದಿನ ಮೆಸೇಜ್ ಬಂದಿತ್ತು, ನಾನೇ ನೋಡಿರಲಿಲ್ಲ. ಮೂರು ಮೇಲ್ ಹಾಕಿದರೂ ಅದೇ ಸಿದ್ಧ ಉತ್ತರ. ಯುಪಿಐ ಆ್ಯಪ್‌ನಲ್ಲೇ ಆಟೋಪೇ ಅಂತ ಒಂದು ಜಾಗ ಇದೆ, ಅಲ್ಲಿ ಹೋಗಿ ನಾವೇ ರದ್ದು ಮಾಡಬಹುದು. ಇದು ಗೊತ್ತಾಗುವಷ್ಟರಲ್ಲಿ ದುಡ್ಡು ಹೋಗಿತ್ತು.

ಆನ್‌ಲೈನ್ ಕ್ಲಾಸು 24 ಕ್ಲಾಸಿಗೆ ಆರು ಸಾವಿರ. ಎಂಟು ಮಕ್ಕಳು, ಸಂಜೆ ಆರಕ್ಕೆ. ಆ ಹೊತ್ತಿಗೆ ಮಳೆ ಬಂದರೆ ಕರೆಂಟು ಹೋಗುತ್ತೆ, ಕರೆಂಟು ಹೋದರೆ ವೈಫೈ ಹೋಗುತ್ತೆ. ಅದು ಅವರ ತಪ್ಪಲ್ಲ ಬಿಡಿ. ಆದರೆ ಇಡೀ ವಿಷಯ ನನಗೆ ಅರ್ಥವಾಗಿದ್ದು ಆ ಕ್ಲಾಸಿನಲ್ಲಿ ಆದ ಒಂದು ಎಡವಟ್ಟಿನಿಂದ.

ಅಲ್ಲಿ ಟೀಚರ್ ಸದ್ದು ಹೇಳಿಕೊಡುತ್ತಿದ್ದುದು ಹೀಗೆ: ಪಿ ಅಂದರೆ ‘ಪ’, ಐ ಅಂದರೆ ‘ಇ’, ಎನ್ ಅಂದರೆ ‘ನ’. ಮಗಳು ಶ್ರದ್ಧೆಯಿಂದ ಬೆರಳಿಟ್ಟು ಓದಿದಳು. ‘ಪ... ಇ... ನ... ಪಇನ.’ ಸ್ವಲ್ಪ ಯೋಚಿಸಿ, ‘ಪೈನ್!’ ಅಂದಳು. ಟೀಚರ್ ‘ನೋ, ಪಿನ್’ ಅಂತ ಹೇಳಿ ಮುಂದಿನ ಮಗುವಿನ ಹತ್ತಿರ ಹೋದರು. ಮಗಳ ಕಣ್ಣಲ್ಲಿ ನೀರು. ನನಗೆ ಅನ್ನಿಸಿತು, ಇವಳು ತಪ್ಪೇನು ಮಾಡಿದಳು? ಪ, ಇ, ನ ಮೂರನ್ನೂ ಕೂಡಿಸಿದರೆ ಪೈನ ಅಂತಲೇ ಅಲ್ವಾ ಆಗೋದು? ಹೇಳಿಕೊಟ್ಟ ಸದ್ದೇ ತಪ್ಪು.

ಅವತ್ತು ರಾತ್ರಿ ಸ್ಲೇಟು ತೆಗೆದೆ. ‘ಪ್’ ಅಂತ ಬರೆದೆ, ಪಕ್ಕದಲ್ಲಿ ‘ಇ’, ಅದರ ಪಕ್ಕ ‘ನ್’. ನಮ್ಮ ಕಾಗುಣಿತ! ಪ್ ಇ ಸೇರಿದರೆ ಪಿ, ಮುಂದೆ ನ್ ಹಚ್ಚಿದರೆ ಪಿನ್. ಫೋನಿಕ್ಸ್ ಫೋನಿಕ್ಸ್ ಅಂತ ಸಾವಿರಗಟ್ಟಲೆ ಕೊಟ್ಟು ಹುಡುಕಿದ್ದು ಒಂದನೇ ಕ್ಲಾಸಿನಲ್ಲಿ ನನಗೆ ಹೇಳಿಕೊಟ್ಟಿದ್ದೇ. ಅರ್ಧಾಕ್ಷರ ಗೊತ್ತಿರುವ ಯಾವ ಕನ್ನಡದ ಅಮ್ಮನಿಗೂ ಇದು ಬರುತ್ತೆ. ಪ ಅಲ್ಲ, ಪ್. ಸ ಅಲ್ಲ, ಸ್. ಎಸ್ಸೂ ಅಲ್ಲ. ಕೊನೆಯ ಅಕಾರ ಕತ್ತರಿಸಿದರೆ ಸದ್ದುಗಳು ಅಂಟಿಕೊಳ್ಳುತ್ತವೆ, ಬಿಟ್ಟರೆ ಇಲ್ಲ.

ಮಾರನೇ ದಿನ ಅತ್ತೆಗೆ ತೋರಿಸಿದೆ. ಅವರು ಆಲೂರು ತಾಲ್ಲೂಕಿನ ಸರ್ಕಾರಿ ಸ್ಕೂಲಿನಲ್ಲಿ ನಲಿಕಲಿ ಟೀಚರ್ ಆಗಿ ರಿಟೈರ್ ಆದವರು. ಆ ಹೊತ್ತಿಗೆ ನಾನು ಪುಸ್ತಕದ ಸೆಟ್ ಆರ್ಡರ್ ಮಾಡಿದ್ದೆ. ಅದರ ಮೊದಲ ಪುಸ್ತಕದಲ್ಲಿ ಎ, ಬಿ, ಸಿ ಇಲ್ಲ, ಎಸ್ ಎ ಟಿ ಐ ಪಿ ಎನ್ ಅಂತ ಶುರು. ಇದೇನು ಹಿಂದುಮುಂದು ಅಂತ ನನಗೆ ಗೊಂದಲ. ಅತ್ತೆ ಕನ್ನಡಕ ಏರಿಸಿ ನೋಡಿ ನಕ್ಕರು. ‘ಇದು ನಮ್ಮ ರಗಸದಅ ಕಣಮ್ಮ’ ಅಂದರು.

ನಲಿಕಲಿ ಅಂದರೆ ಸರ್ಕಾರಿ ಸ್ಕೂಲಿನ ಚಿಕ್ಕ ಕ್ಲಾಸುಗಳಲ್ಲಿ ಆಡಿಸುತ್ತಾ ಕಲಿಸುವ ಪದ್ಧತಿ, 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ್ದು. ಅದರಲ್ಲಿ ಮಕ್ಕಳಿಗೆ ಅ ಆ ಇ ಈ ಅಂತ ಸಾಲಾಗಿ ಹೇಳಿಕೊಡುವುದಿಲ್ಲ. ರ ಗ ಸ ದ ಅ ಅಂತ ಐದಕ್ಷರ ಮೊದಲು. ಐದೇ ಅಕ್ಷರದಲ್ಲಿ ಸರ, ದರ, ಅರಸ, ಗರಗಸ, ದಸರ ಎಲ್ಲ ಓದಬಹುದು. ವಾರದೊಳಗೆ ಮಗು ‘ನಾನು ಓದಿದೆ’ ಅನ್ನುತ್ತೆ. ಇಂಗ್ಲಿಷಿನ ಆ ಆರು ಅಕ್ಷರದ ಗುಟ್ಟೂ ಇದೇ. ಪಿನ್, ಟಿನ್, ಟ್ಯಾಪ್, ಸಿಟ್, ಆ್ಯಂಟ್, ಪ್ಯಾಂಟ್, ಇಷ್ಟೂ ಅದರಲ್ಲೇ ಆಗುತ್ತೆ. ಈ ಕ್ರಮಕ್ಕೆ ಹೆಸರು ತಂದುಕೊಟ್ಟಿದ್ದು 1992ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಜಾಲಿ ಫೋನಿಕ್ಸ್. ಈಗ ಬೇರೆ ಬೇರೆ ಪಬ್ಲಿಷರ್‌ಗಳು ಇದೇ ದಾರಿಯಲ್ಲಿ ಪುಸ್ತಕ ಮಾಡುತ್ತಾರೆ. ನಾನು ತಂದಿದ್ದೂ ಅಂಥದ್ದೇ ಒಂದು, 1,850 ರೂಪಾಯಿ. ಏಳು ಅಭ್ಯಾಸ ಪುಸ್ತಕ, ಒಟ್ಟು 42 ಸದ್ದು, ಜೊತೆಗೆ ಒಂದಷ್ಟು ಪುಟಾಣಿ ಕಥೆ ಪುಸ್ತಕ. ಅಕ್ಷರ 26, ಸದ್ದು ಯಾಕೆ 42 ಅಂದರೆ, ಇಂಗ್ಲಿಷಲ್ಲಿ ಎರಡಕ್ಷರ ಸೇರಿ ಒಂದೇ ಸದ್ದು ಮಾಡುವುದು ಸುಮಾರಿದೆ. ಎಸ್ ಎಚ್ ಸೇರಿ ‘ಶ್’ ಆಗೋ ಹಾಗೆ.

ಸೆಟ್‌ನ ಬೆಲೆಯಲ್ಲಿ ಮುಕ್ಕಾಲು ಪಾಲು ಆ ಕಥೆ ಪುಸ್ತಕಗಳಿಗೇ ಕೊಟ್ಟೆ ಅಂದುಕೊಂಡಿದ್ದೇನೆ. ಅವುಗಳಲ್ಲಿ ಅಲ್ಲಿಯವರೆಗೆ ಕಲಿತ ಸದ್ದು ಬಿಟ್ಟು ಬೇರೆ ಇರುವುದಿಲ್ಲ. ಎಂಟು ಪುಟ, ಪುಟಕ್ಕೆ ನಾಲ್ಕು ಪದ. ಕಥೆ ಅನ್ನಲು ಕಷ್ಟ, ‘ಟಿಮ್ ಕೂತ, ಟಿಮ್ ಎದ್ದ’ ಥರ. ಆದರೆ ಮಗಳು ಒಂದು ಪುಸ್ತಕ ಪೂರ್ತಿ ತಾನೇ ಮುಗಿಸಿದ ದಿನ ಅದನ್ನು ಚಪಾತಿ ಲಟ್ಟಿಸುತ್ತಿದ್ದ ನನಗೆ, ಟಿವಿ ನೋಡುತ್ತಿದ್ದ ಅಜ್ಜಿಗೆ, ಬಾಗಿಲಿಗೆ ಬಂದ ಗ್ಯಾಸ್ ಸಿಲಿಂಡರಿನವರಿಗೆ, ಎಲ್ಲರಿಗೂ ಓದಿ ಹೇಳಿದಳು.

ಕುಂದುಕೊರತೆ ಇಲ್ಲ ಅಂತಲ್ಲ. ಪೇಪರ್ ತೆಳು, ಕ್ರೆಯಾನ್ ಒತ್ತಿ ಬರೆದರೆ ಹಿಂದಿನ ಪುಟಕ್ಕೆ ಮೂಡುತ್ತೆ. ಚಿತ್ರಗಳೆಲ್ಲ ಯಾವುದೋ ದೇಶದ್ದು. ‘ಇ’ ಸದ್ದಿಗೆ ಇಗ್ಲೂ ಚಿತ್ರ ಹಾಕಿದ್ದಾರೆ, ಆ ಹಿಮದ ಗೂಡು. ಬೆಳ್ಳಗೆ, ಉಬ್ಬಿಕೊಂಡು ಕೂತಿದೆ. ಮಗಳು ನೋಡಿದ ಕೂಡಲೇ ‘ಇಡ್ಲಿ!’ ಅಂದಳು. ಸದ್ದು ಸರಿಯಾಗಿಯೇ ಇದೆ, ಚಿತ್ರವೂ ಹಾಗೇ ಇದೆ, ನಾನ್ಯಾಕೆ ತಿದ್ದಲಿ? ಪಕ್ಕದಲ್ಲಿ ಚಟ್ನಿ ಬಟ್ಟಲು ಬರೆದುಕೊಂಡಳು.

ಸದ್ದಿನ ವಿಷಯದಲ್ಲಿ ನಮ್ಮ ಊರಿನವರಿಗೇ ಇರುವ ತೊಂದರೆ ಬೇರೆ. ನಮ್ಮ ಕಡೆ ಎಷ್ಟೋ ಜನ ಹಾಸನಕ್ಕೆ ‘ಆಸ್ನ’ ಅನ್ನುವವರೇ. ‘ಹ್’ ಸದ್ದು ಬಂದ ವಾರ ಪೂರ್ತಿ ಮನೆಯಲ್ಲಿ ನಗು. ಹ್ಯಾಟ್ ಅಂತ ಬರೆದರೆ ಮಗಳು ‘ಆ್ಯಟ್’ ಅನ್ನುತ್ತಿದ್ದಳು. ಅದು ಬೇರೆ ಪದ ಆಗಿಹೋಗುತ್ತೆ. ಕೊನೆಗೆ ಅಂಗೈಯನ್ನು ಬಾಯಿಗೆ ಹತ್ತಿರ ಹಿಡಿದು, ಬಿಸಿ ಉಸಿರು ತಾಗಿದರೆ ಮಾತ್ರ ಸರಿ ಅಂತ ನಿಯಮ ಮಾಡಿದೆವು. ಇನ್ನೊಂದು, ಕೊನೆಗೆ ಉಕಾರ ಹಚ್ಚುವ ನಮ್ಮ ಅಭ್ಯಾಸ. ಬಸ್ಸು, ಪೆನ್ನು, ಕಾರು. ಅತ್ತೆ ಪಾಠ ಮಾಡಿದ ದಿನ ಎಲ್ಲವೂ ಕ್ಯಾಟು, ಪಿನ್ನು, ಹೆನ್ನು. ಮಾತಿಗೆ ಅದರಿಂದ ಏನೂ ತೊಂದರೆ ಇಲ್ಲ. ಬರೆಯುವಾಗ ಮಾತ್ರ ಮಗಳು ಕೊನೆಗೆ ಒಂದು ಯು ಸೇರಿಸಲು ಶುರು ಮಾಡಿದ್ದಳು.

ಸದ್ದು ಕೂಡಿಸುವುದು ಬರದೆ ನಿಂತವರಿಗೆ ಒಂದು ಮಾತು. ಸ್, ಮ್, ನ್, ಫ್ ಇವನ್ನು ಎಳೆಯಬಹುದು: ‘ಸ್ಸ್ಸ್ಸ್’. ಪ್, ಟ್, ಕ್ ಎಳೆಯಲು ಬರುವುದಿಲ್ಲ, ಎಳೆದರೆ ಅಕಾರ ನುಗ್ಗುತ್ತೆ. ಹಾಗಾಗಿ ಎಳೆಯಬಹುದಾದ ಸದ್ದಿನಿಂದ ಶುರುವಾಗುವ ಪದ ಮೊದಲು ಕೊಡಿ. ‘ಸ್ಸ್ಸ್ಇಇಇಟ್.’ ಟ್ಯಾಪ್ ಎರಡು ವಾರ ಬಿಟ್ಟು ಕೊಟ್ಟರೂ ನಡೆಯುತ್ತೆ.

ಪುಸ್ತಕದಲ್ಲಿ ದಿನಕ್ಕೊಂದು ಸದ್ದು ಅಂತ ಬರೆದಿದೆ. ನಮಗೆ 42ಕ್ಕೆ ಏಳು ತಿಂಗಳು ಹಿಡಿಯಿತು. ಸಂಜೆ ಕುಕ್ಕರ್ ಇಟ್ಟು ಕೂರುತ್ತಿದ್ದೆ, ನಾಲ್ಕು ವಿಸಿಲ್ ಆಗುವಷ್ಟು ಹೊತ್ತು ಪಾಠ. ನಡುವೆ ಹಾಸನಾಂಬೆ ಬಾಗಿಲು ತೆಗೆದಾಗ ನೆಂಟರ ಮೇಲೆ ನೆಂಟರು. ದರ್ಶನದ ಕ್ಯೂನಲ್ಲಿ ನಿಂತು ಬಂದವರಿಗೆಲ್ಲ ನಮ್ಮ ಮನೆಯಲ್ಲೇ ಊಟ. ಎರಡು ವಾರ ಪುಸ್ತಕ ಮುಟ್ಟಲಿಲ್ಲ. ಮತ್ತೆ ಕೂತರೆ ನಾಲ್ಕನೇ ಪುಸ್ತಕ ಪೂರ್ತಿ ಮರೆತಿದ್ದಳು. ಮೂರನೆಯದರಿಂದ ಮತ್ತೆ ಶುರು ಮಾಡಿದೆವು, ವಾರದಲ್ಲಿ ವಾಪಸ್ ಬಂತು.

ಒಂದು ಹಂತದಲ್ಲಿ ನನಗೆ ಅನುಮಾನ ಬಂತು, ಇವಳು ಓದುತ್ತಿದ್ದಾಳಾ ಅಥವಾ ಚಿತ್ರ ನೋಡಿ ಹೇಳುತ್ತಿದ್ದಾಳಾ ಅಂತ. ಚಿತ್ರದ ಮೇಲೆ ಅಂಗೈ ಮುಚ್ಚಿದೆ. ಮೂರು ಪದ ತಪ್ಪಿದಳು. ಇಂಗ್ಲೆಂಡಿನ ಸ್ಕೂಲುಗಳಲ್ಲಿ 2012ರಿಂದ ಒಂದನೇ ಕ್ಲಾಸಿನ ಮಕ್ಕಳಿಗೆ 40 ಪದದ ಪರೀಕ್ಷೆ ಇದೆ. ಅದರಲ್ಲಿ ಅರ್ಧ ಪದಕ್ಕೆ ಅರ್ಥವೇ ಇಲ್ಲ, ಬೇಕಂತಲೇ ಹುಟ್ಟಿಸಿದ್ದು. ಬಾಯಿಪಾಠ ಮಾಡಿದ ಮಗು ಅಲ್ಲಿ ಸಿಕ್ಕಿಬೀಳುತ್ತೆ. ನಾನೂ ಡೆಪ್, ಮಿಗ್, ನ್ಯಾಟ್ ಅಂತ ಚೀಟಿ ಮಾಡಿದೆ. ಇವು ರಾಕ್ಷಸರ ಹೆಸರು ಅಂದೆ. ರಾಕ್ಷಸ ಅಂದಮೇಲೆ ಕೇಳಬೇಕೇ, ದಿನಾ ಹೊಸ ಹೆಸರು ಬೇಕು ಅಂತ ಹಟ.

ಸ್ಕೂಲಿನಲ್ಲಿ ಇದಕ್ಕೆ ಅಷ್ಟೇನೂ ಮೆಚ್ಚುಗೆ ಸಿಗಲಿಲ್ಲ. ಅಲ್ಲಿ ‘ಸಿ ಎ ಟಿ ಕ್ಯಾಟ್’ ಅಂತ ಸ್ಪೆಲ್ಲಿಂಗ್ ಹೇಳಿಸಿ ಬರೆಸುತ್ತಾರೆ. ಮನೆಯಲ್ಲಿ ಬೇರೆ ಥರ ಹೇಳಿಕೊಟ್ಟು ಕನ್‌ಫ್ಯೂಸ್ ಮಾಡಬೇಡಿ ಅಂತ ಡೈರಿಯಲ್ಲಿ ಬರೆದು ಕಳಿಸಿದರು. ಮಗಳಿಗೆ ಹೀಗೆ ಹೇಳಿದೆ: ‘ನಾಯಿ ಹೆಸರು ನಾಯಿ, ಕೂಗೋದು ಬೌ. ಇದರ ಹೆಸರು ಎಸ್, ಕೂಗೋದು ಸ್. ಮಿಸ್ ಹೆಸರು ಕೇಳ್ತಾರೆ, ನಾನು ಕೂಗು ಕೇಳ್ತೀನಿ.’ ಮತ್ತೆ ಡೈರಿಯಲ್ಲಿ ಏನೂ ಬರಲಿಲ್ಲ.

ಈ ಪದ್ಧತಿಯಿಂದ ಆಗದೇ ಇರುವುದು ಏನು ಅಂತಲೂ ಹೇಳಬೇಕು. ಒಂದು ಕಥೆಯಲ್ಲಿ ‘ಹೆನ್ ಇನ್ ದ ಪೆನ್’ ಅಂತ ಬಂತು. ತಡವರಿಸದೆ ಓದಿದಳು. ಆಮೇಲೆ ಕಂಪಾಸ್ ಬಾಕ್ಸಿನಿಂದ ನಮ್ಮನೆಯವರ ಪೆನ್ ತೆಗೆದು, ಕ್ಯಾಪ್ ಬಿಚ್ಚಿ ಒಳಗೆ ಇಣುಕಿದಳು. ‘ಅಮ್ಮಾ, ಕೋಳಿ ಇದರೊಳಗೆ ಹೆಂಗೆ ಹೋಯ್ತು?’ ಪೆನ್ ಅಂದರೆ ಕೋಳಿ, ಕುರಿ ಕೂಡುವ ದೊಡ್ಡಿಯೂ ಹೌದು ಅಂತ ನನಗೂ ಡಿಕ್ಷನರಿ ನೋಡಿದ ಮೇಲೇ ಗೊತ್ತಾಗಿದ್ದು. ಸದ್ದು ಓದಲು ಬಂದರೆ ಅರ್ಥ ಬಂದ ಹಾಗಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತಾಡದ ನಮ್ಮಂಥವರಿಗೆ ಈ ಕೊರತೆ ದೊಡ್ಡದು, ಯಾವ ಸೆಟ್ಟೂ ತುಂಬುವುದಿಲ್ಲ. ಅದಕ್ಕೆ ನಾವು ಹಿಡಿದ ದಾರಿ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. ದುಡ್ಡಿಲ್ಲದೆ ಓದಬಹುದು. ಒಂದೇ ಕಥೆ ಎಷ್ಟೋ ಸಲ ಕನ್ನಡದಲ್ಲೂ ಇಂಗ್ಲಿಷಲ್ಲೂ ಸಿಗುತ್ತೆ. ಮೊದಲು ಕನ್ನಡದ್ದು ನಾನು ಓದುತ್ತೇನೆ, ಆಮೇಲೆ ಇಂಗ್ಲಿಷಿನದು ಅವಳು. ಇನ್ನು ‘ಸೆಡ್’, ‘ವಾಸ್’, ‘ಒನ್’ ಥರದ ಪದಗಳಿಗೆ ಯಾವ ಕಾಗುಣಿತವೂ ನಡೆಯಲ್ಲ, ಅವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ನೋಡಿ ನೋಡಿ ನೆನಪಿಟ್ಟುಕೊಳ್ಳಬೇಕು.

ಸೆಟ್ ಕೊಳ್ಳುವವರು ಯಾವುದೇ ಹೆಸರಿನದು ನೋಡಿದರೂ ಎರಡು ಪುಟ ತಿರುವಿ. ಕ್ಯಾಟ್, ಮ್ಯಾಟ್, ಬ್ಯಾಟ್ ಅಂತ ಪ್ರಾಸದ ಪಟ್ಟಿಯೇ ತುಂಬಿದ್ದರೆ ಬಿಡಿ, ಮಗು ಮೊದಲಕ್ಷರ ಮಾತ್ರ ನೋಡಿ ಉಳಿದಿದ್ದನ್ನು ರಾಗದಲ್ಲಿ ಹೇಳುತ್ತೆ. ಓದಲು ಕಥೆ ಪುಸ್ತಕ ಇಲ್ಲದೆ ಬರೀ ಬಣ್ಣ ತುಂಬುವುದಿದ್ದರೂ ಬಿಡಿ. ಸದ್ದು ಕೇಳಲು ಆಡಿಯೋ ಕೊಟ್ಟಿದ್ದರೆ ಕೊಳ್ಳುವ ಮೊದಲೇ ಒಮ್ಮೆ ಕೇಳಿ. ಅದರಲ್ಲಿ ‘ಪ, ಟ, ಕ’ ಅಂತ ಕೇಳಿಸಿದರೆ ದುಡ್ಡು ದಂಡ.

ಸೆಟ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಆ ಪೇಪರಿಗೆ. ಆ್ಯಪ್‌ಗೆ ಒಂದು, ಅದೂ ಮೊಲಕ್ಕೆ. ಮಗಳಿಗೆ ಈಗ ಏಳು, ಸಿಕ್ಕಿದ್ದೆಲ್ಲ ಓದುತ್ತಾಳೆ, ಶಾಂಪೂ ಪ್ಯಾಕೆಟ್ಟು, ಕರೆಂಟ್ ಬಿಲ್ಲು ಬಿಡುವುದಿಲ್ಲ. ಹೊಸ ಬಸ್‌ಸ್ಟ್ಯಾಂಡಿನಲ್ಲಿ ಕೆಎಸ್‌ಆರ್‌ಟಿಸಿ ಅನ್ನೋದನ್ನು ‘ಕ್‌ಸ್‌ರ್‌ಟ್‌ಕ್’ ಅಂತ ಕೂಡಿಸಲು ಹೋಗಿ ಕೆಮ್ಮು ಬಂತು.

ಅದೇ ಪುಸ್ತಕಗಳ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಈಗ ಚಿಕ್ಕವನಿಗೆ ಶುರು ಮಾಡಿದ್ದೇನೆ. ಮೂರೂವರೆಗೆ ಒಮ್ಮೆ ಕೂರಿಸಿದೆ, ಎದ್ದು ಓಡಿದ, ಸುಮ್ನೆ ಬಿಟ್ಟೆ. ನಾಲ್ಕೂವರೆಗೆ ತಾನೇ ಬಂದು ಕೂತ. ಅಕ್ಕ ಚಟ್ನಿ ಬರೆದ ಪುಟ ಅವನಿಗೆ ತುಂಬಾ ಇಷ್ಟ. ಹೋದ ವಾರ ಸ್ಕೂಲಿನಲ್ಲಿ ಮಿಸ್ ‘ಐ ಫಾರ್?’ ಅಂತ ಕೇಳಿದಾಗ ‘ಇಡ್ಲಿ’ ಅಂದನಂತೆ. ಮಿಸ್ ಎರಡು ನಿಮಿಷ ಯೋಚಿಸಿ ಸ್ಟಾರ್ ಕೊಟ್ಟರಂತೆ.