ನಂಬರ್ ಅಳಿಸೋದು ಸುಲಭ, ವಾಪಸ್ ತರೋದು?

ಮಗಳ ಮದುವೆಗೆ ಯಾರ್ಯಾರನ್ನು ಕರೆಯಬೇಕು ಅಂತ ಪಟ್ಟಿ ಮಾಡಲು ಫೋನ್ ಹಿಡಿದು ಕೂತೆ. 1,847 ನಂಬರ್! ಇಷ್ಟು ಜನ ನನಗೆಲ್ಲಿಂದ ಗಂಟು ಬಿದ್ದರು ಅಂತ ನೋಡಿದರೆ, ಸುಮಕ್ಕ ಒಬ್ಬರೇ ಮೂರು ಸಲ ಇದ್ದಾರೆ. ‘ಗ್ಯಾಸ್’ ನಾಲ್ಕು. ‘ಪ್ಲಂಬರ್’, ‘ಪ್ಲಂಬರ್ ಹೊಸಬ’, ‘ಪ್ಲಂಬರ್ ಇವನೇ’. ದಾವಣಗೆರೆಗೆ ಬರುವ ಮುಂಚೆ ಇದ್ದ ಊರಿನ ಹಾಲಿನವನು, ಪೇಪರ್‌ನವನು, ಮಗಳು ಮೂರನೇ ಕ್ಲಾಸಿನಲ್ಲಿದ್ದಾಗಿನ ಆಟೋದವನು. ಇವರೆಲ್ಲರ ನಡುವೆ ‘ಎತ್ತಬೇಡ 1’ರಿಂದ ‘ಎತ್ತಬೇಡ 14’ರವರೆಗೆ ಒಂದು ದಂಡು.

ಮದುವೆಗೆ ಎರಡು ತಿಂಗಳಿತ್ತು. ಮೊದಲು ಇದನ್ನು ಸ್ವಚ್ಛ ಮಾಡೋಣ ಅಂದುಕೊಂಡೆ. ಒಬ್ಬೊಬ್ಬರು ಒಂದೊಂದು ದಾರಿ ಹೇಳಿದರು. ಎಲ್ಲವನ್ನೂ ಮಾಡಿ ನೋಡಿದೆ, ಹದಿನೈದು ದಿನ ಹಿಡಿಯಿತು. ಅಳಿಸುವ ಕೆಲಸ ಎಲ್ಲದರಲ್ಲೂ ಸುಲಭವೇ. ಹಾಗಾಗಿ ಎಷ್ಟು ಬೇಗ ಅಳಿಸುತ್ತದೆ ಅನ್ನುವುದನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ. ಕೈತಪ್ಪಿ ಅಳಿಸಿದ್ದು ವಾಪಸ್ ಬರುತ್ತಾ? ನಾನು ನೋಡಿದ್ದು ಅದೊಂದನ್ನೇ.

ಸುಮಕ್ಕ ಮೂರು ಸಲ ಯಾಕಿದ್ದರು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲಿ ನಂಬರ್ ಕೂರುವ ಜಾಗ ಮೂರು: ಸಿಮ್, ಫೋನ್, ಗೂಗಲ್ ಖಾತೆ. ಅಕ್ಕಿಯನ್ನು ಮೂರು ಡಬ್ಬದಲ್ಲಿ ತುಂಬಿಟ್ಟ ಹಾಗೆ. ಪರದೆ ಮೇಲೆ ಮಾತ್ರ ಎಲ್ಲವೂ ಒಂದೇ ರಾಶಿಯಾಗಿ ಕಾಣುತ್ತವೆ. ನಂಬರ್ ತೆರೆದು ಎಡಿಟ್ ಒತ್ತಿದರೆ ಅದು ಯಾವ ಡಬ್ಬದ್ದು ಅಂತ ಗೊತ್ತಾಗುತ್ತದೆ. ಸೊನ್ನೆಯ ಕಾಟ ಬೇರೆ. ಮೊದಲೆಲ್ಲ ಬೇರೆ ರಾಜ್ಯದ ಮೊಬೈಲಿಗೆ ಫೋನ್ ಮಾಡಲು ಮುಂದೆ ಸೊನ್ನೆ ಹಾಕಬೇಕಿತ್ತಲ್ಲ, ಆಗ ಸೇವ್ ಮಾಡಿದ ಸುಮಕ್ಕ ಸೊನ್ನೆಯವರು. ಆಮೇಲೆ ಸೊನ್ನೆ ಇಲ್ಲದವರು. ಮಸ್ಕತ್ತಿನ ತಮ್ಮ ಕಳಿಸಿದ ಸುಮಕ್ಕ ಪ್ಲಸ್ 91ರವರು. ಮೂವರೂ ಒಬ್ಬರೇ. ಇನ್ನು ಮುಂದೆ ಸೇವ್ ಮಾಡುವಾಗ ಪ್ಲಸ್ 91 ಹಾಕಿಯೇ ಮಾಡಿ. ದೇಶದೊಳಗೂ ನಡೆಯುತ್ತದೆ, ಹೊರಗೆ ಹೋದಾಗಲೂ ನಡೆಯುತ್ತದೆ.

ಮೊದಲ ಪ್ರಯೋಗ ನಮ್ಮ ಮಾವನವರ ಮೇಲೆ. ಕೀಪ್ಯಾಡ್ ಫೋನ್ ಬಿಟ್ಟು ಸ್ಮಾರ್ಟ್‌ಫೋನಿಗೆ ಬಂದು ಒಂದು ವರ್ಷವಾದರೂ ಅವರ ನಂಬರೆಲ್ಲ ಇನ್ನೂ ಸಿಮ್‌ನಲ್ಲೇ ಇದ್ದವು. ಸಾಮಾನ್ಯವಾಗಿ ಒಂದು ಸಿಮ್‌ನಲ್ಲಿ 250 ನಂಬರ್ ಹಿಡಿಯುತ್ತವೆ. ಹೆಸರಿಗೆ ಜಾಗ ತೀರಾ ಕಡಿಮೆ, ಉದ್ದವಾದರೆ ಬಾಲ ಕತ್ತರಿಸುತ್ತದೆ. ‘ಶಿವಮೊಗ್ಗ ಚಿ’ ಅಂತ ಒಂದಿತ್ತು. ಚಿಕ್ಕಪ್ಪನೋ ಚಿಕ್ಕಮ್ಮನೋ ಅಂತ ಕೇಳಿದೆ. “ಫೋನ್ ಮಾಡು, ಯಾರು ಎತ್ತುತ್ತಾರೋ ಅವರೇ” ಅಂದರು. ಸಿಮ್‌ನಿಂದ ಅಳಿಸಿದರೆ ಮುಗೀತು, ಕಸದ ಬುಟ್ಟಿಯೂ ಇಲ್ಲ, ಏನೂ ಇಲ್ಲ. ಫೋನಿನ ಡಬ್ಬವನ್ನೂ ನಂಬಬೇಡಿ. ಫೋನ್ ಕಳೆದುಹೋದರೆ ಅದರ ಜೊತೆಗೇ ನಂಬರುಗಳೂ ಹೋಗುತ್ತವೆ. ಮಾವನವರ ನಂಬರುಗಳನ್ನೆಲ್ಲ ಗೂಗಲ್ ಖಾತೆಗೆ ಇಂಪೋರ್ಟ್ ಮಾಡಿದ ಮೇಲೇ ಅಳಿಸುವ ಮಾತಾಡಿದ್ದು.

ಎರಡನೆಯದು ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್. ನನ್ನ ಫೋನಿನಲ್ಲಿ ಅದೇ ಇದೆ. ಒಂದು ಹೆಸರನ್ನು ಒತ್ತಿ ಹಿಡಿದರೆ ಟಿಕ್ ಬೀಳುತ್ತದೆ, ಆಮೇಲೆ ಬೇಡದವರನ್ನೆಲ್ಲ ಮುಟ್ಟುತ್ತಾ ಹೋಗಿ ಕೊನೆಗೆ ಒಂದೇ ಸಲ ಅಳಿಸಬಹುದು. ರಾತ್ರಿ ಟಿವಿ ಮುಂದೆ ಕೂತು ಅವರೆಕಾಳು ಬಿಡಿಸುವ ಹಾಗೆ ಕೆಲಸ ಸಾಗುತ್ತದೆ. ಅಳಿಸಿದ್ದು ಬಿನ್‌ಗೆ, ಅಂದರೆ ಕಸದ ಬುಟ್ಟಿಗೆ, ಹೋಗಿ 30 ದಿನ ಅಲ್ಲೇ ಇರುತ್ತದೆ. ಇದು ಗೂಗಲ್ ಖಾತೆಯ ಡಬ್ಬದಲ್ಲಿದ್ದವಕ್ಕೆ ಮಾತ್ರ, ಸಿಮ್‌ನವಕ್ಕೆ ಈ ಭಾಗ್ಯ ಇಲ್ಲ. ಜೋಡಿ ನಂಬರುಗಳನ್ನು ಸೇರಿಸುವ ಸೌಲಭ್ಯವೂ ಇದೆ. ಇವರಿಬ್ಬರೂ ಒಬ್ಬರೇನಾ ಅಂತ ಜೋಡಿ ಜೋಡಿಯಾಗಿ ತೋರಿಸುತ್ತದೆ. ‘ಎಲ್ಲವನ್ನೂ ಸೇರಿಸು’ ಅಂತ ಒಂದು ಬಟನ್ ಕೂಡ ಇದೆ, ಅದರ ಹತ್ತಿರ ಹೋಗಬೇಡಿ. ಯಾಕೆ ಅನ್ನುವುದನ್ನು ಹೇಳಲು ಮಂಜುನಾಥನ ಕಥೆಗೆ ಬರಬೇಕು.

ಆ ಕಥೆ ಮೂರನೆಯ ದಾರಿಯದ್ದು, ಅಂದರೆ ಬೇರೆ ಯಾರೋ ಮಾಡಿದ ‘ಕ್ಲೀನರ್’ ಆ್ಯಪ್‌ನದ್ದು. ಹೆಸರು ಬೇಡ ಬಿಡಿ. ಒಂದೇ ಒತ್ತಿಗೆ ಎಲ್ಲ ಸ್ವಚ್ಛ ಅಂತ ಜಾಹೀರಾತು. ಕಾಂಟ್ಯಾಕ್ಟ್ ನೋಡಲು ಅನುಮತಿ ಕೇಳಿತು, ಸರಿ. ಕರೆಗಳ ವಿವರ ನೋಡಲೂ ಕೇಳಿತು. ನಂಬರ್ ಜೋಡಿಸಲು ಅದ್ಯಾಕೆ? ಅಲ್ಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಒತ್ತಿದೆ. ‘612 ಸೇರಿಸಲಾಗಿದೆ’ ಅಂತ ಬಂತು. ಆಹಾ ಅನ್ನಿಸಿತು.

ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಎಲೆಕ್ಟ್ರಿಷಿಯನ್ ಮಂಜುನಾಥನಿಗೆ ಫೋನ್ ಮಾಡಿದೆ. ರಿಂಗ್ ನಿಂತ ಕೂಡಲೇ ಶುರು ಮಾಡಿದೆ: “ಮಂಜುನಾಥಾ, ಎರಡು ದಿನದಿಂದ ಕಾಯ್ತಾ ಇದೀನಿ. ಬರ್ತೀಯೋ ಇಲ್ವೋ, ಒಂದು ಮಾತು ಹೇಳಿಬಿಡಪ್ಪ.” ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಗಂಭೀರವಾದ ದನಿ: “ಯಾರಮ್ಮಾ ಮಾತಾಡೋದು? ನಾನು ಎಲ್ಲಿಗೆ ಬರಬೇಕಿತ್ತು?” ಅವರು ಮಗಳ ಹೈಸ್ಕೂಲಿನ ಹೆಡ್‌ಮಾಸ್ಟರು, ನಿವೃತ್ತರು. ನನ್ನ ಫೋನಿನಲ್ಲಿ ಇಬ್ಬರ ಹೆಸರೂ ಬರೀ ‘ಮಂಜುನಾಥ್’. ಆ್ಯಪ್ ಇಬ್ಬರನ್ನೂ ಒಬ್ಬನೇ ಮಾಡಿ, ಒಂದೇ ಹೆಸರಿನ ಕೆಳಗೆ ಎರಡು ನಂಬರ್ ಇಟ್ಟಿತ್ತು. ಇಬ್ಬರಲ್ಲ, ನಾಲ್ವರು ಮಂಜುನಾಥರು ಒಬ್ಬರಾಗಿದ್ದರು. ಮೂವರು ಲತಾ, ಇಬ್ಬರು ರೇಣುಕಾ. ನಮ್ಮ ಕಡೆ ಹೆಸರು ನೋಡಿ ಜನರನ್ನು ಸೇರಿಸಿದರೆ ಇನ್ನೇನಾಗುತ್ತೆ?

ಬಿನ್ ತೆರೆದೆ. ಅಲ್ಲಿ ಏನೂ ಇಲ್ಲ! ಯಾಕೆಂದರೆ ನಾನು ಯಾರನ್ನೂ ಅಳಿಸಿರಲಿಲ್ಲ, ಸೇರಿಸಿದ್ದೆ. ಸೇರಿಸಿದ್ದಕ್ಕೆ ಬೇರೆಯದೇ ಮದ್ದು. ಅದು ಸಿಕ್ಕಿದ್ದು ನಾಲ್ಕನೆಯ ದಾರಿಯಲ್ಲಿ.

ನಾಲ್ಕನೆಯದು ಕಂಪ್ಯೂಟರ್. ಬ್ರೌಸರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದರೆ ಅದೇ ಪಟ್ಟಿ ದೊಡ್ಡ ಪರದೆಯಲ್ಲಿ ಬರುತ್ತದೆ. ಸೆಟ್ಟಿಂಗ್ಸ್ ಚಕ್ರದ ಒಳಗೆ ‘ಅನ್‌ಡೂ ಚೇಂಜಸ್’ ಅಂತ ಇದೆ. ಹತ್ತು ನಿಮಿಷದ ಹಿಂದೆ, ಒಂದು ಗಂಟೆ ಹಿಂದೆ, ನಿನ್ನೆ, ಒಂದು ವಾರ ಹಿಂದೆ ಅಂತ ಆರಿಸಬಹುದು. 30 ದಿನದೊಳಗಿನ ಯಾವ ಹೊತ್ತನ್ನಾದರೂ ನಾವೇ ಕೊಡಬಹುದು. ‘ನಿನ್ನೆ’ ಅಂತ ಒತ್ತಿದೆ. ಮಂಜುನಾಥರು ನಾಲ್ವರೂ ಬೇರೆ ಬೇರೆಯಾಗಿ ನಿಂತರು. ನಾನು ಎದ್ದು ಹೋಗಿ ಕಾಫಿ ಮಾಡಿಕೊಂಡೆ. ಒಂದು ಎಚ್ಚರ ಮಾತ್ರ ಬೇಕು. ಇದು ಇಡೀ ಪಟ್ಟಿಯನ್ನೇ ಹಿಂದಕ್ಕೆ ಒಯ್ಯುತ್ತದೆ. ನಡುವೆ ಹೊಸದಾಗಿ ಸೇವ್ ಮಾಡಿದ್ದು ಹೋಗಿಬಿಡುತ್ತದೆ. ಛತ್ರದವರ ನಂಬರ್ ಅವತ್ತು ಬೆಳಿಗ್ಗೆಯೇ ಹಾಕಿಕೊಂಡಿದ್ದೆ, ಅದನ್ನು ಮತ್ತೆ ಹಾಕಬೇಕಾಯಿತು. ಈ ಅನ್‌ಡೂ ಫೋನಿನ ಆ್ಯಪ್‌ನಲ್ಲೂ ಇದೆ ಅಂತ ಆಮೇಲೆ ಗೊತ್ತಾಯಿತು. ಆದರೂ ದೊಡ್ಡ ಕೆಲಸಕ್ಕೆ ನನಗೆ ಕಂಪ್ಯೂಟರೇ ಇಷ್ಟ. ಒಂದು ಪರದೆಗೆ ಹತ್ತಾರು ಹೆಸರು ಕಾಣುತ್ತವೆ, ಟಿಕ್ ಹಾಕುವಾಗ ಬೆರಳು ಪಕ್ಕದವರಿಗೆ ತಾಗುವುದಿಲ್ಲ. ಎಡಗಡೆ ‘ಅದರ್ ಕಾಂಟ್ಯಾಕ್ಟ್ಸ್’ ಅಂತ ಒಂದಿದೆ. ನಾವು ಯಾವಾಗಲೋ ಇಮೇಲ್ ಮಾಡಿದವರೆಲ್ಲ ಅಲ್ಲಿ ಗುಡ್ಡೆ ಬಿದ್ದಿರುತ್ತಾರೆ, ಅದನ್ನೂ ನೋಡಿ.

ಲೇಬಲ್ ಹಾಕುವುದನ್ನೂ ಅಲ್ಲೇ ಕಲಿತೆ. ‘ಮದುವೆ ಗಂಡಿನ ಕಡೆ’, ‘ಮದುವೆ ನಮ್ಮ ಕಡೆ’, ‘ಕೆಲಸದವರು’. ಇದರಿಂದ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ, ಅಂದರೆ ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿ, ಮಾಡುವುದು ಹಗುರವಾಯಿತು. ಒಂದು ಪಟ್ಟಿಗೆ 256 ಜನ. ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ ಅನ್ನುವುದು ನೆನಪಿರಲಿ. ಆಮೇಲೆ ‘ಪತ್ರಿಕೆಯೇ ಬರಲಿಲ್ಲ’ ಅನ್ನುವವರಿಗೆ ಬೇರೆ ಕಳಿಸಬೇಕು.

ಸ್ಪ್ರೆಡ್‌ಶೀಟ್ ದಾರಿ ಹೇಳಿದ್ದು ನಮ್ಮ ಮನೆಯವರು. ಅವರಿಗೆ ಎಲ್ಲವೂ ಕಾಲಂನಲ್ಲಿ ಇರಬೇಕು. ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ, ಅಂದರೆ ಅಲ್ಪವಿರಾಮ ಹಾಕಿ ಸಾಲು ಸಾಲಾಗಿ ಬರೆದಿಡುವ ಫೈಲಾಗಿ, ಇಳಿಸಿ ತೆರೆದರು. ಪ್ಲಸ್ 91 ಇದ್ದ ನಂಬರೆಲ್ಲ ‘9.19ಇ+11’ ಅಂತ ಆಗಿ ಕೂತಿದ್ದವು. ಹನ್ನೆರಡು ಅಂಕಿಯನ್ನು ಅದು ದೊಡ್ಡ ಮೊತ್ತ ಅಂದುಕೊಂಡು ಚಿಕ್ಕದಾಗಿ ಬರೆದಿತ್ತು. ಹಾಗೇ ಸೇವ್ ಮಾಡಿದರೆ ಹಿಂದಿನ ಅಂಕಿಗಳು ಶಾಶ್ವತವಾಗಿ ಹೋದ ಹಾಗೆ. ಕನ್ನಡದ ಹೆಸರುಗಳು ಕಲಸುಮೇಲೋಗರ. ತೆರೆಯುವಾಗಲೇ ಅಕ್ಷರಗಳ ಕೋಡ್ ಯುಟಿಎಫ್-8 ಅಂತ ಆರಿಸಿ, ನಂಬರಿನ ಕಾಲಂ ‘ಟೆಕ್ಸ್ಟ್’ ಅಂತ ಹೇಳಿದ ಮೇಲೆ ಸರಿಹೋಯಿತು. ಅಷ್ಟೆಲ್ಲ ಮಾಡಿ ಮುನ್ನೂರು ಸಾಲು ಅಳಿಸಿ ವಾಪಸ್ ಇಂಪೋರ್ಟ್ ಮಾಡಿದರೆ ಒಂದೂ ಹೋಗಿರಲಿಲ್ಲ. ಇಂಪೋರ್ಟ್ ಅಂದರೆ ಸೇರಿಸುವುದು, ಕಳೆಯುವುದಲ್ಲ! ಅವರು ಸುಮ್ನೆ ಎದ್ದು ವಾಕಿಂಗ್ ಹೋದರು.

ಬ್ಯಾಕಪ್‌ಗೆ ವಿಸಿಎಫ್, ಅಂದರೆ ಕಾಂಟ್ಯಾಕ್ಟ್ ಇಡಲೆಂದೇ ಇರುವ ಫೈಲೇ ವಾಸಿ. ಅಳಿಸುವ ಮೊದಲು ಒಂದು ಸಲ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ, ಎರಡು ನಿಮಿಷದ ಕೆಲಸ. ಕುತೂಹಲಕ್ಕೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಗಾಬರಿಯಾಗಬೇಡಿ. ನಾನು ಫೋನಿನಿಂದ ತೆಗೆದ ಫೈಲಿನಲ್ಲಿ ಕನ್ನಡವೇ ಇರಲಿಲ್ಲ, ಬರೀ ಸಮಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ. ಸ, ಕೊಂಬು, ಮ, ಕ, ಒತ್ತಿನ ಗುರುತು, ಇನ್ನೊಂದು ಕ ಅಂತ ‘ಸುಮಕ್ಕ’ದಲ್ಲಿ ಆರು ತುಂಡು, ಒಂದೊಂದು ತುಂಡಿಗೆ ಒಂಬತ್ತು ಗುರುತು. ಒಟ್ಟು 54. ಇಂಪೋರ್ಟ್ ಮಾಡಿದರೆ ಸುಮಕ್ಕ ಸುಮಕ್ಕನಾಗಿಯೇ ಬರುತ್ತಾರೆ, ನೋಡಿದ್ದೇನೆ.

ಮಗಳ ಐಫೋನನ್ನೂ ಬಿಡಲಿಲ್ಲ. 2022ರಲ್ಲಿ ಬಂದ ಐಒಎಸ್ 16ರಿಂದ ಅದರಲ್ಲೂ ಪಟ್ಟಿಯ ಮೇಲ್ಗಡೆಯೇ ಜೋಡಿ ನಂಬರ್ ಇದ್ದರೆ ಹೇಳುತ್ತದೆ. ಎರಡು ಬೆರಳನ್ನು ಪಟ್ಟಿ ಮೇಲೆ ಇಟ್ಟು ಕೆಳಕ್ಕೆ ಎಳೆದರೆ ಸಾಲಾಗಿ ಆಯ್ಕೆಯಾಗುತ್ತವೆ, ಒತ್ತಿ ಹಿಡಿದರೆ ಅಳಿಸುವ ಆಯ್ಕೆ ಬರುತ್ತದೆ. ರಂಗೋಲಿ ಎಳೆ ಎಳೆದಷ್ಟೇ ಸಲೀಸು. ನಿಜ ಹೇಳಬೇಕೆಂದರೆ ಅಳಿಸುವ ಸುಖ ಇದರಲ್ಲೇ ಜಾಸ್ತಿ. ವಾಪಸ್ ತರುವುದು ಮಾತ್ರ ಸ್ವಲ್ಪ ಸುತ್ತು. ಬ್ರೌಸರ್‌ನಲ್ಲಿ ಐಕ್ಲೌಡ್ ತೆರೆದು, ಡೇಟಾ ರಿಕವರಿಗೆ ಹೋಗಿ, ಹಳೆಯ ದಿನದ ಪಟ್ಟಿಯೊಂದನ್ನು ಆರಿಸಬೇಕು. ಈಗಿರುವ ಪಟ್ಟಿ ಪೂರ್ತಿ ಹೋಗಿ ಹಳೆಯದು ಕೂರುತ್ತದೆ. ಒಬ್ಬರನ್ನು ಮಾತ್ರ ಕರೆಯುವ ಹಾಗಿಲ್ಲ. ಗೂಗಲ್ ಖಾತೆಯ ನಂಬರುಗಳನ್ನು ಐಫೋನಿನಲ್ಲಿ ಅಳಿಸಿದರೆ ಗೂಗಲ್‌ನಿಂದಲೂ ಹೋಗುತ್ತವೆ. ಮಗಳ ನಂಬರುಗಳಲ್ಲಿ ಅರ್ಧ ಹಾಗಿದ್ದವು, ಅವಳಿಗೇ ಗೊತ್ತಿರಲಿಲ್ಲ.

ಕೊನೆಗೆ ನಾನು ಹಿಡಿದ ದಾರಿ ಎರಡರ ಬೆರಕೆ. ಯಾರನ್ನು ಬಿಡಬೇಕು ಅನ್ನುವ ತೀರ್ಮಾನ ಫೋನಿನಲ್ಲೇ, ದಿನಕ್ಕೆ ನಲವತ್ತೈವತ್ತು. ಜೋಡಿಸುವುದು, ಲೇಬಲ್ ಹಾಕುವುದು ಕಂಪ್ಯೂಟರಿನಲ್ಲಿ. ಯಾರು ಅಂತ ಗೊತ್ತಾಗದಿದ್ದರೆ ಅಳಿಸುವ ಮೊದಲು ವಾಟ್ಸಾಪ್ ಫೋಟೋ ನೋಡುತ್ತಿದ್ದೆ. ಅದೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದಲ್ಲ. ತೀರಿಹೋದ ನಮ್ಮ ದೊಡ್ಡಪ್ಪನ ಹೆಸರಿನಲ್ಲಿ ಬೈಕ್ ಮೇಲೆ ಕೂತ ಹುಡುಗನೊಬ್ಬ ಕನ್ನಡಕ ಹಾಕಿಕೊಂಡು ನಗುತ್ತಿದ್ದ. ಆ ನಂಬರಿಗೆ ಲಗ್ನಪತ್ರಿಕೆ ಕಳಿಸಿಬಿಡುತ್ತಿದ್ದೆವು.

ಹದಿನೈದನೇ ದಿನಕ್ಕೆ ಪಟ್ಟಿ 1,098ಕ್ಕೆ ಇಳಿಯಿತು. ಹುಮ್ಮಸ್ಸಿನಲ್ಲಿ ‘ಎತ್ತಬೇಡ’ ದಂಡನ್ನೂ ಅಳಿಸಿದ್ದೆ. ಹಿತ್ತಲಲ್ಲಿ ಹಪ್ಪಳ ಹರವುತ್ತಿದ್ದಾಗ ಫೋನ್ ಬಂತು, ಬರೀ ನಂಬರ್, ಹೆಸರಿಲ್ಲ. ಮದುವೆ ಮನೆ, ಅಡುಗೆಯವರೋ ಹೂವಿನವರೋ ಇರಬಹುದು ಅಂತ ಹಿಟ್ಟಿನ ಕೈಯಲ್ಲೇ ಎತ್ತಿದೆ. “ಮೇಡಂ, ರಿಂಗ್ ರೋಡ್ ಹತ್ತಿರ ಒಳ್ಳೆ ಸೈಟು...” ಆ ದನಿ ನನಗೆ ಗೊತ್ತು. ‘ಎತ್ತಬೇಡ 9’!

ಸಂಜೆ ಬಿನ್ ತೆರೆದು ಹದಿನಾಲ್ಕು ಜನರನ್ನೂ ವಾಪಸ್ ಕರೆದುಕೊಂಡೆ. “ಸುಮ್ನೆ ಬ್ಲಾಕ್ ಮಾಡಮ್ಮ” ಅಂದಳು ಮಗಳು. ಹದಿಮೂರು ಜನರನ್ನು ಮಾಡಿದೆ. ‘ಎತ್ತಬೇಡ 3’ ಮಾತ್ರ ಹಾಗೇ ಇದೆ. ಅದು ಅವಳ ಅಪ್ಪನ ಸೋದರತ್ತೆ, ಬ್ಲಾಕ್ ಮಾಡಿದರೆ ಮದುವೆ ಮಂಟಪಕ್ಕೇ ಬಂದು ಕೇಳುತ್ತಾರೆ.